ಕೊಟೇಶನ್ನಿನ ಕೊನೆಯ ಸಾಲು: ಯಂತ್ರದೃಷ್ಟಿ ಕ್ಯಾಮೆರಾಗಳಿಗೆ ಕೇಬಲ್ ಮತ್ತು ಕನೆಕ್ಟರ್‌ಗಳ ಆಯ್ಕೆ

ಉತ್ಪಾದನಾ ಸಾಲಿನಲ್ಲಿ ಕ್ಯಾಮೆರಾ ಅಳವಡಿಸಿ ತಯಾರಾದ ವಸ್ತುವಿನ ಗುಣಮಟ್ಟವನ್ನು ಪರೀಕ್ಷಿಸುವ ಪದ್ಧತಿ ಇಂದು ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಪೀಣ್ಯದ ಟರ್ನಿಂಗ್ ಘಟಕಗಳಲ್ಲಿ, ಬಿಡದಿಯ ವಾಹನ ತಯಾರಕರಿಗೆ ಬಿಡಿಭಾಗ ಒದಗಿಸುವ ಸಣ್ಣ ಕಾರ್ಖಾನೆಗಳಲ್ಲಿ, ಔಷಧ ಮತ್ತು ಆಹಾರ ಪದಾರ್ಥಗಳ ಪೊಟ್ಟಣ ಕಟ್ಟುವ ಘಟಕಗಳಲ್ಲಿ ಇಂತಹ ವ್ಯವಸ್ಥೆಗಳು ಕಾಣಸಿಗುತ್ತಿವೆ. ಗ್ರಾಹಕ ಸಂಸ್ಥೆಗಳ ಒತ್ತಡವೇ ಇದಕ್ಕೆ ಮುಖ್ಯ ಕಾರಣ. ದೋಷಯುಕ್ತ ಭಾಗಗಳನ್ನು ಹತ್ತು ಲಕ್ಷಕ್ಕೆ ಇಷ್ಟು ಎಂದು ಎಣಿಸುವ ಕಾಲದಲ್ಲಿ ಪಾಳಿಯ ಕೊನೆಗೆ ದಣಿದ ಕಣ್ಣುಗಳನ್ನು ನಂಬಿಕೊಂಡು ವ್ಯಾಪಾರ ಮಾಡಲಾಗದು ಎಂಬುದನ್ನು ನಮ್ಮ ಉದ್ಯಮಿಗಳು ಅರಿತುಕೊಂಡಿದ್ದಾರೆ. ಇದು ಸ್ವಾಗತಾರ್ಹ ಬೆಳವಣಿಗೆ.

ಆದರೆ ಈ ವ್ಯವಸ್ಥೆಗಳನ್ನು ಕೊಳ್ಳುವ ಕ್ರಮವನ್ನು ಗಮನಿಸಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಕ್ಯಾಮೆರಾ ಯಾವುದಿರಬೇಕು, ಎಷ್ಟು ಮೆಗಾಪಿಕ್ಸೆಲ್ ಬೇಕು, ಮಸೂರ ಯಾವ ದೇಶದ್ದು, ದೀಪ ಕೆಂಪೋ ಬಿಳಿಯೋ ಎಂದು ವಾರಗಟ್ಟಲೆ ಚರ್ಚೆ ನಡೆಯುತ್ತದೆ. ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಮೇಳಗಳಿಗೆ ಹೋಗಿ ನಾಲ್ಕಾರು ಮಳಿಗೆಗಳನ್ನು ಸುತ್ತಿ ಬರುವುದೂ ಉಂಟು. ಕೊನೆಗೆ ಬರುವ ಕೊಟೇಶನ್ನಿನ ಕಟ್ಟಕಡೆಯ ಸಾಲಿನಲ್ಲಿ ಮಾತ್ರ ‘ಕೇಬಲ್ ಮತ್ತು ಇತರ ಸಾಮಗ್ರಿ, 1 ಸೆಟ್’ ಎಂದಷ್ಟೇ ಬರೆದಿರುತ್ತದೆ. ಚೌಕಾಸಿಯ ಕತ್ತರಿ ಮೊದಲು ಬೀಳುವುದೂ ಆ ಸಾಲಿನ ಮೇಲೆಯೇ. ಆನೆ ಕೊಟ್ಟು ಅಂಕುಶಕ್ಕೆ ಜಗಳವಾಡಿದಂತೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಸಣ್ಣ ಘಟಕಗಳಲ್ಲಿ ಯಂತ್ರದೃಷ್ಟಿ ವ್ಯವಸ್ಥೆಗಳು ಮೂಲೆ ಸೇರುವುದಕ್ಕೆ ಕ್ಯಾಮೆರಾದ ದೋಷಕ್ಕಿಂತ ಕೇಬಲ್ ಮತ್ತು ಕನೆಕ್ಟರ್‌ಗಳ ತಪ್ಪು ಆಯ್ಕೆಯೇ ಹೆಚ್ಚು ಕಾರಣವೆಂಬುದು ನನ್ನ ಖಚಿತ ಅಭಿಪ್ರಾಯ. ಕೇಬಲ್ ಒಂದು ಬಿಡಿ ಸಾಮಗ್ರಿಯಲ್ಲ. ಕ್ಯಾಮೆರಾದಷ್ಟೇ ವಿವರವಾದ ಗುಣಲಕ್ಷಣಗಳೊಂದಿಗೆ ಖರೀದಿ ಆದೇಶದಲ್ಲಿ ನಮೂದಾಗಬೇಕಾದ ಯಂತ್ರಭಾಗ.

ಕ್ಯಾಮೆರಾ ಕೆಟ್ಟರೆ ಪರದೆ ಕಪ್ಪಾಗುತ್ತದೆ, ಎಲ್ಲರಿಗೂ ತಿಳಿಯುತ್ತದೆ. ಕೇಬಲ್ ಕೆಡುವ ರೀತಿಯೇ ಬೇರೆ. ಅದು ಅರ್ಧಂಬರ್ಧ ಕೆಡುತ್ತದೆ. ಬೆಳಗಿನ ಪಾಳಿಯಲ್ಲಿ ಸರಿಯಾಗಿದ್ದು ಮಧ್ಯಾಹ್ನ ಪಕ್ಕದ ಪ್ರೆಸ್ ಚಾಲನೆಗೊಂಡಾಗ ಚಿತ್ರಗಳು ತಪ್ಪತೊಡಗುತ್ತವೆ. ಸೇವಾ ತಂತ್ರಜ್ಞ ಬಂದು ನೋಡುವ ಹೊತ್ತಿಗೆ ಮತ್ತೆ ಸರಿಹೋಗಿರುತ್ತದೆ. ಪೀಣ್ಯದ ಒಂದು ಘಟಕದಲ್ಲಿ ನಾನು ಕಂಡದ್ದು ಇದೇ. ಚಲಿಸುವ ತೋಳಿನ ಮೇಲೆ ಕೂರಿಸಿದ ಕ್ಯಾಮೆರಾಗೆ ಕಚೇರಿಯ ಗಣಕಯಂತ್ರಕ್ಕೆ ಬಳಸುವ ಸಾಮಾನ್ಯ ನೆಟ್‌ವರ್ಕ್ ತಂತಿಯನ್ನು ಜೋಡಿಸಲಾಗಿತ್ತು. ಆರು ತಿಂಗಳೊಳಗೆ ಒಳಗಿನ ತಂತಿ ದಣಿದು ಬಿರುಕು ಬಿಟ್ಟಿತು. ತೋಳು ಒಂದು ನಿರ್ದಿಷ್ಟ ಕೋನಕ್ಕೆ ಬಂದಾಗ ಮಾತ್ರ ಸಂಪರ್ಕ ತಪ್ಪುತ್ತಿತ್ತು. ಚಿತ್ರ ಬಾರದಿದ್ದಾಗ ಭಾಗವನ್ನು ಮುಂದಕ್ಕೆ ಬಿಡುವಂತೆ ತಂತ್ರಾಂಶವನ್ನು ಹೊಂದಿಸಲಾಗಿದ್ದುದರಿಂದ, ಪರೀಕ್ಷೆಯಾಗದ ಭಾಗಗಳೂ ‘ಪರೀಕ್ಷಿತ’ ಎಂಬ ಹಣೆಪಟ್ಟಿಯೊಂದಿಗೆ ಡಬ್ಬಿ ಸೇರಿದವು. ಗ್ರಾಹಕರ ಅಂಗಳದಲ್ಲಿ ಒಂದು ದೋಷಯುಕ್ತ ಭಾಗ ಸಿಕ್ಕಿದ ಮೇಲೆ ಇಡೀ ದಾಸ್ತಾನನ್ನು ವಾಪಸು ತರಿಸಿ ಕೈಯಿಂದ ವಿಂಗಡಿಸುವ ವೆಚ್ಚ ಮಾಲೀಕರ ಪಾಲಿಗೆ ಬಂತು. ಕೇಬಲ್ಲಿನಲ್ಲಿ ಉಳಿಸಿದ ಹಣ ಆ ವಿಂಗಡಣೆಯ ಒಂದು ದಿನದ ಕೂಲಿಗೂ ಸಾಲಲಿಲ್ಲ.

ಇಲ್ಲಿ ಕೇಬಲ್ಲಿನ ವಿಷಯಕ್ಕೆ ಹೊರತಾದರೂ ಹೇಳಲೇಬೇಕಾದ ಮಾತೊಂದಿದೆ. ಚಿತ್ರ ಬಾರದ ಭಾಗವನ್ನು ತಿರಸ್ಕೃತ ಭಾಗದಂತೆಯೇ ಪಕ್ಕಕ್ಕೆ ಸರಿಸುವ ಹೊಂದಾಣಿಕೆ ಇರಬೇಕು. ಸಾಲು ನಿಲ್ಲುತ್ತದೆಂಬ ಭಯದಿಂದ ಇದಕ್ಕೆ ವಿರುದ್ಧವಾಗಿ ಹೊಂದಿಸುವವರು ಕ್ಯಾಮೆರಾ ಕೊಳ್ಳದಿರುವುದೇ ಲೇಸು.

ಎಷ್ಟು ವೇಗ ಬೇಕು ಎಂಬ ಲೆಕ್ಕ

ಕೇಬಲ್ ಆಯ್ಕೆ ಆರಂಭವಾಗಬೇಕಾದದ್ದು ಕಾಗದ-ಪೆನ್ಸಿಲಿನಿಂದ. ಮಾರಾಟಗಾರರ ಕಿರುಹೊತ್ತಿಗೆಗಳಲ್ಲಿ ಗಿಗಾಬಿಟ್‌ಗಳ ಅಂಕಿಗಳು ಮಿಂಚುತ್ತಿರುತ್ತವೆ; ನಮ್ಮ ಕೆಲಸಕ್ಕೆ ಬೇಕಾದ ಅಂಕಿ ಯಾವುದೆಂಬುದನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು. ಲೆಕ್ಕ ಬಹಳ ಸರಳ. ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ 5 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಚಿತ್ರದಲ್ಲಿ 2448 ಅಡ್ಡ ಮತ್ತು 2048 ಉದ್ದ ಬಿಂದುಗಳಿರುತ್ತವೆ. ಕಪ್ಪು-ಬಿಳುಪು ಚಿತ್ರದಲ್ಲಿ ಪ್ರತಿ ಬಿಂದುವಿಗೆ 8 ಬಿಟ್, ಅಂದರೆ ಒಂದು ಬೈಟ್. ಗುಣಿಸಿದರೆ ಒಂದು ಚಿತ್ರಕ್ಕೆ ಸುಮಾರು 50 ಲಕ್ಷ ಬೈಟ್, ಎಂದರೆ 5 ಮೆಗಾಬೈಟ್. ನಿಮಿಷಕ್ಕೆ 60 ಭಾಗಗಳು ಹಾದುಹೋಗುವ ಸಾಲಿನಲ್ಲಿ ಸೆಕೆಂಡಿಗೆ ಒಂದು ಚಿತ್ರ, ಅಂದರೆ ಸೆಕೆಂಡಿಗೆ 5 ಮೆಗಾಬೈಟ್. ನಿಮಿಷಕ್ಕೆ 300 ಭಾಗಗಳೆಂದರೂ 25 ಮೆಗಾಬೈಟ್ ಮಾತ್ರ.

ಒಂದು ಗಿಗಾಬಿಟ್ ಈಥರ್ನೆಟ್ ಕೇಬಲ್ ಸೆಕೆಂಡಿಗೆ ಸುಮಾರು 115 ಮೆಗಾಬೈಟ್ ಚಿತ್ರದತ್ತಾಂಶವನ್ನು ಸಾಗಿಸಬಲ್ಲದು. ಮೇಲಿನ ಕ್ಯಾಮೆರಾದಿಂದ ಸೆಕೆಂಡಿಗೆ 23 ಪೂರ್ಣ ಚಿತ್ರಗಳನ್ನು ತರಲು ಇಷ್ಟು ಸಾಕು. ನಮ್ಮ ಸಣ್ಣ ಘಟಕಗಳಲ್ಲಿ ಬಿಡಿ ಭಾಗಗಳನ್ನು ಪರೀಕ್ಷಿಸುವ ಎಷ್ಟು ಸಾಲುಗಳಿಗೆ ಇದಕ್ಕಿಂತ ಹೆಚ್ಚು ವೇಗ ಬೇಕಾದೀತು? ಬಹಳ ಕಡಿಮೆ. ಬಣ್ಣದ ಚಿತ್ರವನ್ನು ಕ್ಯಾಮೆರಾದಲ್ಲಿಯೇ ಸಂಸ್ಕರಿಸಿ ಮೂರು ಬಣ್ಣಗಳಾಗಿ ಕಳುಹಿಸಿದರೆ ಹೊರೆ ಮೂರು ಪಟ್ಟಾಗುತ್ತದೆ, 12 ಬಿಟ್ ಚಿತ್ರ ಕೇಳಿದರೆ ಕೆಲವು ವಿನ್ಯಾಸಗಳಲ್ಲಿ ಎರಡು ಪಟ್ಟಾಗುತ್ತದೆ. ಇವನ್ನು ಲೆಕ್ಕಕ್ಕೆ ಹಿಡಿದರೂ ನಿಮಿಷಕ್ಕೆ 300 ಭಾಗಗಳ ಸಾಲು ಈಥರ್ನೆಟ್ಟಿನ ಮಿತಿಯೊಳಗೇ ನಿಲ್ಲುತ್ತದೆ.

ಇದಕ್ಕೆ ಅಪವಾದಗಳಿವೆ. ಬಟ್ಟೆ, ಕಾಗದ, ಲೋಹದ ಪಟ್ಟಿ ಮುಂತಾದ ನಿರಂತರವಾಗಿ ಹರಿಯುವ ವಸ್ತುಗಳನ್ನು ಪರೀಕ್ಷಿಸುವ ರೇಖಾ ಕ್ಯಾಮೆರಾಗಳ ಲೆಕ್ಕವೇ ಬೇರೆ. ಒಂದು ಸಾಲಿಗೆ 4096 ಬಿಂದುಗಳಂತೆ ಸೆಕೆಂಡಿಗೆ 50,000 ಸಾಲುಗಳನ್ನು ಓದಿದರೆ 200 ಮೆಗಾಬೈಟ್ ದಾಟುತ್ತದೆ. ಗಂಗಾವತಿ, ಕಾರಟಗಿಗಳ ಅಕ್ಕಿ ಗಿರಣಿಗಳಲ್ಲಿಯೂ ಕಾಫಿ ಸಂಸ್ಕರಣಾ ಘಟಕಗಳಲ್ಲಿಯೂ ಕಾಣುವ ಬಣ್ಣ ವಿಂಗಡಣಾ ಯಂತ್ರಗಳ ಒಳಗೆ ಇರುವುದು ಇಂತಹ ರೇಖಾ ಕ್ಯಾಮೆರಾಗಳೇ. ಅಲ್ಲಿ ಕೇಬಲ್ಲನ್ನು ಯಂತ್ರ ತಯಾರಕರೇ ಆರಿಸಿರುತ್ತಾರೆ. ಕೊಳ್ಳುವವರು ಕೇಳಬೇಕಾದದ್ದು ಬದಲಿ ಕೇಬಲ್ಲಿನ ಮಾದರಿ ಸಂಖ್ಯೆ ಮತ್ತು ಅದು ಎಷ್ಟು ದಿನದಲ್ಲಿ ದೊರೆಯುತ್ತದೆ ಎಂಬುದನ್ನು ಮಾತ್ರ. ಸುಗ್ಗಿಯ ಕಾಲದಲ್ಲಿ ಒಂದು ಕೇಬಲ್ಲಿಗಾಗಿ ಗಿರಣಿ ನಿಲ್ಲಿಸಿದವರಿಗೆ ಈ ಪ್ರಶ್ನೆಯ ಬೆಲೆ ಗೊತ್ತು.

ಲಭ್ಯವಿರುವ ಮಾರ್ಗಗಳು

ಹಿಂದೆ ಒಬ್ಬೊಬ್ಬ ಕ್ಯಾಮೆರಾ ತಯಾರಕನಿಗೂ ಒಂದೊಂದು ಬಗೆಯ ಕೇಬಲ್ ಇತ್ತು. ಒಂದು ಕಂಪನಿಯ ಕ್ಯಾಮೆರಾ ಕೊಂಡವರು ಅದೇ ಕಂಪನಿಯ ತಂತಿಗೆ ಕಟ್ಟುಬೀಳಬೇಕಿತ್ತು. 2000ದಲ್ಲಿ ಅಮೆರಿಕದ ಉದ್ಯಮ ಸಂಘಟನೆಯೊಂದು ಹೊರತಂದ ಕ್ಯಾಮೆರಾ ಲಿಂಕ್ ಎಂಬ ಮಾನಕ ಈ ಗೊಂದಲಕ್ಕೆ ಮೊದಲ ಪರಿಹಾರವಾಯಿತು. ಮೂಲ ವಿನ್ಯಾಸದಲ್ಲಿ ಸೆಕೆಂಡಿಗೆ 255 ಮೆಗಾಬೈಟ್, ಎರಡು ಕೇಬಲ್ ಬಳಸುವ ಪೂರ್ಣ ವಿನ್ಯಾಸದಲ್ಲಿ 680 ಮೆಗಾಬೈಟ್ ವೇಗ ಅದಕ್ಕಿದೆ. ಆದರೆ 26 ಪಿನ್ನುಗಳ ದಪ್ಪ ಕನೆಕ್ಟರ್, 10 ಮೀಟರ್‌ನ ಮಿತಿ, ವೇಗ ಹೆಚ್ಚಿದಂತೆ ಅದಕ್ಕೂ ಕಡಿಮೆ ಉದ್ದ, ಜೊತೆಗೆ ಗಣಕಯಂತ್ರದಲ್ಲಿ ಚಿತ್ರ ಹಿಡಿಯುವ ಪ್ರತ್ಯೇಕ ಕಾರ್ಡಿನ ಅನಿವಾರ್ಯತೆ, ಇವೆಲ್ಲ ಸಣ್ಣ ಘಟಕಕ್ಕೆ ಭಾರ. ಅದೇ ಕಾಲದಲ್ಲಿ ಚಾಲ್ತಿಯಲ್ಲಿದ್ದ ಫೈರ್‌ವೈರ್ ಇಂದು ಹೊಸ ವಿನ್ಯಾಸಗಳಿಂದ ಮರೆಯಾಗಿದೆ. ಹೊರದೇಶದಿಂದ ಬಳಸಿದ ಯಂತ್ರಗಳನ್ನು ತರಿಸುವ ನಮ್ಮ ಸದಸ್ಯರು ಮಾತ್ರ ಇದನ್ನು ನೆನಪಿಡಬೇಕು. ಯಂತ್ರ ಅಗ್ಗಕ್ಕೆ ಸಿಕ್ಕರೂ ಅದರೊಳಗಿನ ಕ್ಯಾಮೆರಾ ಫೈರ್‌ವೈರ್ ಆಗಿದ್ದರೆ, ಅದಕ್ಕೆ ಹೊಂದುವ ಕಾರ್ಡು-ಕೇಬಲ್‌ಗಳನ್ನು ಹುಡುಕುವ ಕಷ್ಟವನ್ನೂ ಬೆಲೆಯಲ್ಲಿ ಸೇರಿಸಿ ನೋಡಬೇಕು.

2006ರಲ್ಲಿ ಬಂದ ಗಿಗ್-ಇ ವಿಷನ್ ಸಾಮಾನ್ಯ ಈಥರ್ನೆಟ್ ತಂತಿಯನ್ನೇ ಕ್ಯಾಮೆರಾಗೆ ಒಗ್ಗಿಸಿತು. 100 ಮೀಟರ್‌ವರೆಗೆ ಉದ್ದ, ಪ್ರತ್ಯೇಕ ಕಾರ್ಡಿನ ಅಗತ್ಯವಿಲ್ಲ, ಬೇಕೆಂದರೆ ಅದೇ ತಂತಿಯಲ್ಲಿ ವಿದ್ಯುತ್ತನ್ನೂ ಕೊಡಬಹುದು. ಸಾಮಾನ್ಯ ಮಾನಕದಂತೆ ಕ್ಯಾಮೆರಾದ ತುದಿಯಲ್ಲಿ ಸುಮಾರು 13 ವ್ಯಾಟ್ ದೊರೆಯುತ್ತದೆ. 2013ರಲ್ಲಿ ಯುಎಸ್‌ಬಿ3 ವಿಷನ್ ಬಂದು ವೇಗವನ್ನು ಸೆಕೆಂಡಿಗೆ 350ರಿಂದ 400 ಮೆಗಾಬೈಟ್‌ಗೆ ಏರಿಸಿತು. ಆದರೆ ಸಾಮಾನ್ಯ ತಾಮ್ರದ ಕೇಬಲ್ಲಿನಲ್ಲಿ ಅದರ ನಂಬಲರ್ಹ ಉದ್ದ 3ರಿಂದ 5 ಮೀಟರ್ ಮಾತ್ರ, ವಿದ್ಯುತ್ತು 4.5 ವ್ಯಾಟ್. ಜಪಾನಿನ ಉದ್ಯಮ ಸಂಘಟನೆ ಪೋಷಿಸುತ್ತಿರುವ ಕೋಎಕ್ಸ್‌ಪ್ರೆಸ್ ಎಂಬ ಮಾನಕ ದೂರದರ್ಶನದ ತಂತಿಯನ್ನು ಹೋಲುವ 75 ಓಂ ಏಕಾಕ್ಷ ಕೇಬಲ್ಲನ್ನು ಬಳಸುತ್ತದೆ. 2019ರ ಅದರ ಎರಡನೆಯ ಆವೃತ್ತಿಯಲ್ಲಿ ಒಂದೇ ಕೇಬಲ್ 12.5 ಗಿಗಾಬಿಟ್ ವೇಗವನ್ನೂ 13 ವ್ಯಾಟ್ ವಿದ್ಯುತ್ತನ್ನೂ ಒಯ್ಯುತ್ತದೆ. ತಾಂತ್ರಿಕವಾಗಿ ಅತ್ಯುತ್ತಮ, ಆದರೆ ಇದಕ್ಕೂ ಪ್ರತ್ಯೇಕ ಕಾರ್ಡು ಬೇಕು. 2016ರಲ್ಲಿ 2.5 ಮತ್ತು 5 ಗಿಗಾಬಿಟ್ ಈಥರ್ನೆಟ್ ಮಾನಕ ಬಂದ ಮೇಲೆ ಈಥರ್ನೆಟ್ ಕ್ಯಾಮೆರಾಗಳ ವೇಗವೂ ಏರುತ್ತಿದೆ. 10 ಗಿಗಾಬಿಟ್ ಕ್ಯಾಮೆರಾಗಳೂ ಇವೆ. ಅವು ಸಾಕಷ್ಟು ಬಿಸಿಯಾಗುತ್ತವೆ ಎಂಬುದನ್ನು ಮಾರಾಟಗಾರರು ತಾವಾಗಿ ಹೇಳುವುದು ಕಡಿಮೆ.

ಸಣ್ಣ ಘಟಕ ಕಣ್ಣುಮುಚ್ಚಿ ಮೊದಲು ಪರಿಶೀಲಿಸಬೇಕಾದದ್ದು ಒಂದು ಗಿಗಾಬಿಟ್ ಈಥರ್ನೆಟ್ಟನ್ನು. ಅದರಿಂದ ಆಗದು ಎಂದು ಲೆಕ್ಕ ತೋರಿಸಿದರೆ ಮಾತ್ರ ಮುಂದಿನದನ್ನು ನೋಡಬೇಕು. ಇದಕ್ಕೆ ಪ್ರತಿಯಾಗಿ ಯುಎಸ್‌ಬಿ ಪರ ವಾದಿಸುವವರ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ಯುಎಸ್‌ಬಿ ಕ್ಯಾಮೆರಾವನ್ನು ಚುಚ್ಚಿದೊಡನೆ ಕೆಲಸ ಆರಂಭಿಸಬಹುದು. ಈಥರ್ನೆಟ್ಟಿನಲ್ಲಿ ವಿಳಾಸ ಹೊಂದಿಸಬೇಕು, ನೆಟ್‌ವರ್ಕ್ ಕಾರ್ಡಿನಲ್ಲಿ ಪೊಟ್ಟಣದ ಗಾತ್ರವನ್ನು 9,000 ಬೈಟ್‌ಗೆ ಏರಿಸಬೇಕು, ಕಚೇರಿಯ ನೆಟ್‌ವರ್ಕಿನಿಂದ ಪ್ರತ್ಯೇಕಿಸಬೇಕು. ಪ್ರಯೋಗಾಲಯದ ಮೇಜಿನ ಮೇಲೆ, ಗಣಕಯಂತ್ರದಿಂದ ಎರಡು ಮೀಟರ್ ಒಳಗೆ ಸ್ಥಿರವಾಗಿ ಕೂತ ಕ್ಯಾಮೆರಾಗೆ ಯುಎಸ್‌ಬಿಯೇ ಅನುಕೂಲ, ಅಗ್ಗವೂ ಹೌದು. ಆದರೆ ಕಾರ್ಖಾನೆಯ ಅಂಗಳ ಪ್ರಯೋಗಾಲಯವಲ್ಲ. ಅಲ್ಲಿ ಗಣಕಯಂತ್ರ ಧೂಳು-ಎಣ್ಣೆಗಳಿಂದ ದೂರ ಒಂದು ಪೆಟ್ಟಿಗೆಯಲ್ಲಿರುತ್ತದೆ. 5 ಮೀಟರ್ ಎಂಬುದು ಕ್ಷಣಾರ್ಧದಲ್ಲಿ ಮುಗಿದುಹೋಗುತ್ತದೆ. ಇದಕ್ಕಿಂತ ಮುಖ್ಯವಾಗಿ, ಈಥರ್ನೆಟ್ ಸಂಪರ್ಕದ ಎರಡೂ ತುದಿಗಳಲ್ಲಿ ಪುಟ್ಟ ಪರಿವರ್ತಕಗಳಿದ್ದು ಸಂಕೇತದ ತಂತಿಗಳು ವಿದ್ಯುತ್ ದೃಷ್ಟಿಯಿಂದ ಪ್ರತ್ಯೇಕವಾಗಿರುತ್ತವೆ. ಯುಎಸ್‌ಬಿಯಲ್ಲಿ ಆ ಪ್ರತ್ಯೇಕತೆ ಇಲ್ಲ. ಕ್ಯಾಮೆರಾದ ಭೂಸಂಪರ್ಕವೂ ಗಣಕಯಂತ್ರದ ಭೂಸಂಪರ್ಕವೂ ಅದೇ ಕೇಬಲ್ಲಿನ ಮೂಲಕ ಒಂದಾಗುತ್ತವೆ. ನಮ್ಮ ಅನೇಕ ಶೆಡ್ಡುಗಳಲ್ಲಿ ಭೂಸಂಪರ್ಕದ ಸ್ಥಿತಿ ಹೇಗಿದೆಯೆಂದು ಓದುಗರಿಗೆ ವಿವರಿಸಬೇಕಿಲ್ಲ. ವೆಲ್ಡಿಂಗ್ ಯಂತ್ರವೂ ಕ್ಯಾಮೆರಾವೂ ಒಂದೇ ಚಾವಣಿಯ ಕೆಳಗಿರುವಲ್ಲಿ ಈ ಭೇದ ದೊಡ್ಡದು.

ಕನೆಕ್ಟರ್ ಎಂಬ ಬಲಹೀನ ಕೊಂಡಿ

ಈಥರ್ನೆಟ್ ಆಯಿತೆಂದು ನಿಟ್ಟುಸಿರು ಬಿಡುವಂತಿಲ್ಲ. ಕಚೇರಿಯ ಗಣಕಯಂತ್ರಕ್ಕೆ ಚುಚ್ಚುವ ಆರ್‌ಜೆ45 ಎಂಬ ಪಾರದರ್ಶಕ ಪ್ಲಾಸ್ಟಿಕ್ ಕನೆಕ್ಟರ್ ಎಲ್ಲರಿಗೂ ಪರಿಚಿತ. ಅದರ ನಾಲಿಗೆಯಂತಹ ಕೊಕ್ಕೆ ಮುರಿದ ಮೇಲೂ ಟೇಪು ಸುತ್ತಿ ವರ್ಷಗಟ್ಟಲೆ ಬಳಸುವುದು ನಮ್ಮ ದೇಶದ ಪರಂಪರೆಯೇ ಆಗಿಬಿಟ್ಟಿದೆ. ಕಂಪಿಸುವ ಯಂತ್ರದ ಮೇಲೆ ಈ ಕೊಕ್ಕೆ ನಿಲ್ಲುವುದಿಲ್ಲ. ಮಾನಕದ ಪ್ರಕಾರ ಈ ಕನೆಕ್ಟರ್ ತಾಳಬೇಕಾದದ್ದು 750 ಬಾರಿಯ ಜೋಡಣೆ-ಬಿಚ್ಚುವಿಕೆಯನ್ನು ಮಾತ್ರ. ಪ್ರತಿದಿನ ಸ್ವಚ್ಛತೆಗಾಗಿ ಎರಡು ಬಾರಿ ಬಿಚ್ಚಿ ಹಾಕುವ ಘಟಕದಲ್ಲಿ ಒಂದು ವರ್ಷದ ಸ್ವಲ್ಪ ಆಚೆಗೆ ಆ ಎಣಿಕೆ ಮುಗಿಯುತ್ತದೆ. ಆದ್ದರಿಂದಲೇ ಗಿಗ್-ಇ ವಿಷನ್ ಕ್ಯಾಮೆರಾಗಳ ಹಿಂಭಾಗದಲ್ಲಿ ಕನೆಕ್ಟರಿನ ಎರಡು ಬದಿಗೆ ತಿರುಪು ರಂಧ್ರಗಳಿರುತ್ತವೆ. ತಿರುಪು ಇರುವ ಕೇಬಲ್ಲನ್ನೇ ಕೇಳಿ ಪಡೆಯಬೇಕು. ಇದರಲ್ಲಿಯೂ ತಿರುಪುಗಳು ಅಡ್ಡವಾಗಿರುವ ಬಗೆ, ಲಂಬವಾಗಿರುವ ಬಗೆ ಎಂದು ಎರಡಿವೆ. ಒಂದಕ್ಕೆ ತಂದದ್ದು ಇನ್ನೊಂದಕ್ಕೆ ಕೂಡದು. ಯುಎಸ್‌ಬಿ3 ವಿಷನ್ ಕೇಬಲ್‌ಗಳಿಗೂ ಇಂತಹ ತಿರುಪುಗಳಿವೆ. ಮೊಬೈಲ್ ಅಂಗಡಿಯ ಕೇಬಲ್ಲಿಗೆ ಅವಿಲ್ಲ.

ಶೀತಕದ ಸಿಂಚನ, ಎಣ್ಣೆಯ ಮಂಜು, ನೀರು ಹಾಯಿಸಿ ತೊಳೆಯುವ ಕೆಲಸ ಇರುವಲ್ಲಿ ಆರ್‌ಜೆ45 ಅನ್ನು ಪೂರ್ಣವಾಗಿ ಬಿಟ್ಟು ಎಂ12 ಎಂಬ ದುಂಡನೆಯ ಲೋಹದ ಕನೆಕ್ಟರಿಗೆ ಹೋಗುವುದು ಉಚಿತ. ಸಂವೇದಕಗಳ ಮೂಲಕ ನಮ್ಮ ಎಲೆಕ್ಟ್ರಿಷಿಯನ್ನರಿಗೆ ಇದು ಚಿರಪರಿಚಿತ. ಆದರೆ ಪರಿಚಯವೇ ಇಲ್ಲಿ ಅಪಾಯ ತರುತ್ತದೆ. ಹೊರನೋಟಕ್ಕೆ ಒಂದೇ ತೆರನಾದ ಎಂ12 ಕನೆಕ್ಟರ್‌ಗಳಲ್ಲಿ ಒಳಗಿನ ಪಿನ್ನುಗಳ ಜೋಡಣೆಗೆ ಅನುಗುಣವಾಗಿ ಎ, ಡಿ, ಎಕ್ಸ್ ಮುಂತಾದ ಸಂಕೇತಗಳಿವೆ. ಡಿ ಸಂಕೇತದ್ದರಲ್ಲಿ ನಾಲ್ಕೇ ಪಿನ್ನು; ಅದು 100 ಮೆಗಾಬಿಟ್‌ಗೆ ಮೀಸಲು. ಗಿಗಾಬಿಟ್ ವೇಗಕ್ಕೆ ಎಂಟೂ ತಂತಿಗಳು ಬೇಕು. ಎಕ್ಸ್ ಸಂಕೇತದ್ದರಲ್ಲಿ ಎಂಟು ಪಿನ್ನುಗಳಿದ್ದು ನಾಲ್ಕು ಜೋಡಿಗಳ ನಡುವೆ ಲೋಹದ ತಡೆ ಇರುತ್ತದೆ. 10 ಗಿಗಾಬಿಟ್‌ವರೆಗೂ ಅದು ಯೋಗ್ಯ. ಹಳೆಯ ಕೆಲವು ಕ್ಯಾಮೆರಾಗಳಲ್ಲಿ ಎಂಟು ಪಿನ್ನಿನ ಎ ಸಂಕೇತವೂ ಇದೆ. ಖರೀದಿ ಆದೇಶದಲ್ಲಿ ‘ಎಂ12 ಈಥರ್ನೆಟ್ ಕೇಬಲ್’ ಎಂದಷ್ಟೇ ಬರೆದರೆ ಯಾವುದು ಬರುತ್ತದೆಂಬುದು ಅದೃಷ್ಟಕ್ಕೆ ಬಿಟ್ಟದ್ದು. ಇನ್ನು ಐಪಿ67 ಎಂಬ ಜಲನಿರೋಧಕ ದರ್ಜೆ ಕನೆಕ್ಟರ್‌ಗಳು ಪರಸ್ಪರ ಜೋಡಣೆಯಾಗಿ ಪೂರ್ತಿ ಬಿಗಿಯಾದಾಗ ಮಾತ್ರ ಅನ್ವಯಿಸುತ್ತದೆ. ಬಳಸದ ಕಿಂಡಿಗೆ ಮುಚ್ಚಳ ಹಾಕದಿದ್ದರೆ ದರ್ಜೆ ಕಾಗದದಲ್ಲಿ ಮಾತ್ರ.

ಕೇಬಲ್ಲಿನ ಒಳಗುಟ್ಟು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ‘ಕ್ಯಾಟ್ 6’ ಎಂದು ಮುದ್ರಿಸಿದ ಕೇಬಲ್ ಅನೇಕ ಬೆಲೆಗಳಲ್ಲಿ ಸಿಗುತ್ತದೆ. ಅತಿ ಅಗ್ಗದ್ದರಲ್ಲಿ ಬಹುಪಾಲು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಅದರ ವಿದ್ಯುತ್ ರೋಧ ಶುದ್ಧ ತಾಮ್ರದ ಸುಮಾರು ಒಂದೂವರೆ ಪಟ್ಟು. ಕೇಬಲ್ಲಿನಲ್ಲಿಯೇ ವಿದ್ಯುತ್ ಕೊಡುವ ಕ್ಯಾಮೆರಾಗಳಿಗೆ ಇದು ಸರ್ವಥಾ ಸಲ್ಲದು. ಬಾಗಿಸಿದರೆ ಬೇಗ ತುಂಡಾಗುವ ಗುಣವೂ ಅದಕ್ಕಿದೆ. ಚಾಕುವಿನ ಮೊನೆಯಿಂದ ತಂತಿಯನ್ನು ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಮಾನಕಗಳು ಅಪೇಕ್ಷಿಸುವುದು ತಾಮ್ರವನ್ನೇ ಆದ್ದರಿಂದ, ಇಂತಹ ಸರಕಿಗೆ ಕ್ಯಾಟ್ 6 ಎಂಬ ಹೆಸರೇ ಸಲ್ಲದು. ವರ್ತಕ ಬಂಧುಗಳು ಬೇಸರಿಸಬಾರದು: ಸಿಸಿ ಕ್ಯಾಮೆರಾ ಕೆಲಸಕ್ಕೆ ಕೇಳಿದವರಿಗೂ ಯಂತ್ರಕ್ಕೆ ಕೇಳಿದವರಿಗೂ ಒಂದೇ ಸುರುಳಿಯಿಂದ ಕತ್ತರಿಸಿ ಕೊಡುವ ರೂಢಿ ನಿಲ್ಲಬೇಕು.

ತಾಮ್ರವಾದರೂ ಸ್ಥಿರ ಅಳವಡಿಕೆಯ ಕೇಬಲ್ ಬೇರೆ, ಚಲಿಸುವ ಕೇಬಲ್ ಬೇರೆ. ಗೋಡೆಯೊಳಗೆ ಎಳೆಯುವ ಕೇಬಲ್ಲಿನಲ್ಲಿ ಪ್ರತಿ ತಂತಿಯೂ ಒಂದೇ ಗಟ್ಟಿ ಎಳೆ. 100 ಮೀಟರ್‌ನ ಮಾತು ಮುಖ್ಯವಾಗಿ ಅನ್ವಯಿಸುವುದು ಇದಕ್ಕೆ. ಹಲವು ಸೂಕ್ಷ್ಮ ಎಳೆಗಳಿಂದ ಹೆಣೆದ ಬಾಗುವ ಕೇಬಲ್ಲಿನಲ್ಲಿ ಸಂಕೇತ ಹೆಚ್ಚು ಕ್ಷೀಣಿಸುವುದರಿಂದ ಅಷ್ಟು ದೂರವನ್ನು ಅದರಿಂದ ನಿರೀಕ್ಷಿಸಬಾರದು. ಚಲಿಸುವ ಸರಪಳಿಯೊಳಗೆ ಹಾಕುವ ಕೇಬಲ್ಲಿಗೆ ತಯಾರಕರು ಇಷ್ಟು ಲಕ್ಷ ಬಾಗುವಿಕೆ ಎಂದು ಆಯುಷ್ಯ ನಮೂದಿಸುತ್ತಾರೆ. ಅದನ್ನು ನಮ್ಮ ಯಂತ್ರದ ಲೆಕ್ಕದೊಂದಿಗೆ ಹೋಲಿಸಿ ನೋಡಬೇಕು. ನಿಮಿಷಕ್ಕೆ 10 ಬಾರಿ ಹೋಗಿಬರುವ ಯಂತ್ರ ದಿನಕ್ಕೆ 16 ಗಂಟೆ ನಡೆದರೆ 9,600 ಚಲನೆ. ವರ್ಷಕ್ಕೆ 300 ದಿನವೆಂದರೆ 28 ಲಕ್ಷದ 80 ಸಾವಿರ. ಐವತ್ತು ಲಕ್ಷ ಬಾಗುವಿಕೆಯ ಕೇಬಲ್ ಸುಮಾರು 20 ತಿಂಗಳು ಬಾಳಬಹುದು. ಯಾವ ಅಂಕಿಯನ್ನೂ ನಮೂದಿಸದ ಕೇಬಲ್ ಎಷ್ಟು ಬಾಳೀತು? ಇದಲ್ಲದೆ, ಚಲಿಸುವಾಗ ಬಾಗುವ ತ್ರಿಜ್ಯ ಕೇಬಲ್ ವ್ಯಾಸದ ಸುಮಾರು 10 ಪಟ್ಟಿಗೆ ಕಡಿಮೆ ಇರಬಾರದೆಂಬುದು ಸಾಮಾನ್ಯ ನಿಯಮ. 7 ಮಿಲಿಮೀಟರ್ ದಪ್ಪದ ಕೇಬಲ್ಲಿಗೆ 70 ಮಿಲಿಮೀಟರ್. ರೋಬೋ ತೋಳಿನ ಮೇಲೆ ಕ್ಯಾಮೆರಾ ಇದ್ದರೆ ಕೇಬಲ್ ಬಾಗುವುದರ ಜೊತೆಗೆ ತಿರುಚಿಕೊಳ್ಳುತ್ತದೆ. ಸರಪಳಿಗೆ ಒಳ್ಳೆಯದಾದ ಕೇಬಲ್ ತಿರುಚುವಿಕೆಗೆ ಒಳ್ಳೆಯದಾಗಿರಬೇಕೆಂದಿಲ್ಲ. ತಿರುಚು ಕೇಬಲ್ ಎಂದೇ ಕೇಳಬೇಕು. ಹೊರಕವಚದ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ: ಎಣ್ಣೆ, ಶೀತಕ ತಾಗುವಲ್ಲಿ ಪಿವಿಸಿ ಕಾಲಕ್ರಮೇಣ ಗಡುಸಾಗಿ ಬಿರಿಯುತ್ತದೆ, ಪಾಲಿಯುರೆಥೇನ್ ತಾಳುತ್ತದೆ.

ವಿದ್ಯುತ್ ಗದ್ದಲ ಮತ್ತೊಂದು ಶತ್ರು. ಮೋಟಾರುಗಳ ವೇಗ ನಿಯಂತ್ರಿಸುವ ಡ್ರೈವ್‌ಗಳು ಇಂದು ಪ್ರತಿ ಯಂತ್ರದಲ್ಲಿವೆ. ಅವುಗಳ ಮೋಟಾರು ತಂತಿಯೊಂದಿಗೆ ಕ್ಯಾಮೆರಾ ಕೇಬಲ್ಲನ್ನೂ ಸೇರಿಸಿ ಒಂದೇ ಕಟ್ಟು ಬಿಗಿಯುವುದು ನೋಟಕ್ಕೆ ಅಂದವಾಗಿ ಕಂಡರೂ ದೋಷಕ್ಕೆ ಆಹ್ವಾನ. ಕನಿಷ್ಠ ಒಂದು ಅಡಿ ಅಂತರವಿರಲಿ. ದಾಟಲೇಬೇಕಾದಲ್ಲಿ ಲಂಬಕೋನದಲ್ಲಿ ದಾಟಲಿ. ಪ್ರತಿ ಜೋಡಿಗೂ ಹಾಳೆಯ ಕವಚ, ಒಟ್ಟಾರೆ ಹೆಣೆದ ಕವಚ ಇರುವ ಕೇಬಲ್ ಬೇಕು. ಆ ಕವಚ ಕನೆಕ್ಟರಿನ ಲೋಹದ ದೇಹಕ್ಕೆ ಸುತ್ತಲೂ ತಾಗಿರಬೇಕು. ಕವಚವನ್ನು ಹುರಿಮಾಡಿ ಒಂದು ಬಿಂದುವಿಗೆ ಬೆಸುಗೆ ಹಾಕಿದ ಕೇಬಲ್‌ಗಳನ್ನು ನಾನು ಬಿಚ್ಚಿ ನೋಡಿದ್ದೇನೆ. ಹೆಚ್ಚಿನ ಆವರ್ತನದ ಗದ್ದಲಕ್ಕೆ ಅದು ತಡೆಯೇ ಅಲ್ಲ.

ಕೇಬಲ್ ಸೊರಗುತ್ತಿರುವುದನ್ನು ಮುಂಚಿತವಾಗಿ ತಿಳಿಯುವ ಒಂದು ಉಪಾಯ ಈಥರ್ನೆಟ್ ಕ್ಯಾಮೆರಾಗಳಲ್ಲಿದೆ, ಆದರೆ ಅದನ್ನು ಬಳಸುವವರು ವಿರಳ. ಗಿಗ್-ಇ ವಿಷನ್‌ನಲ್ಲಿ ದತ್ತಾಂಶದ ಪೊಟ್ಟಣವೊಂದು ದಾರಿಯಲ್ಲಿ ಕಳೆದುಹೋದರೆ ಗಣಕಯಂತ್ರ ಅದನ್ನು ಮತ್ತೆ ಕೇಳಿ ಪಡೆಯುತ್ತದೆ. ಚಿತ್ರ ಪೂರ್ಣವಾಗಿಯೇ ಬರುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಮರುಕೇಳಿಕೆಗಳು ಹೆಚ್ಚುತ್ತ ಹೋಗಿ ಒಂದು ದಿನ ಚಿತ್ರವೇ ತಪ್ಪುತ್ತದೆ. ಈ ಮರುಕೇಳಿಕೆಗಳ ಎಣಿಕೆಯನ್ನು ಕ್ಯಾಮೆರಾದೊಂದಿಗೆ ಬರುವ ತಂತ್ರಾಂಶದಲ್ಲಿ ಸಾಮಾನ್ಯವಾಗಿ ನೋಡಬಹುದು. ವ್ಯವಸ್ಥೆ ಹಸ್ತಾಂತರವಾದ ದಿನ ಆ ಸಂಖ್ಯೆಯನ್ನು ಬರೆದಿಟ್ಟು, ತಿಂಗಳಿಗೊಮ್ಮೆ ನೋಡಿದರೆ ಕೇಬಲ್ಲಿನ ಆರೋಗ್ಯ ತಿಳಿಯುತ್ತದೆ. ಅಂತೆಯೇ ಎಂಟು ತಂತಿಗಳಲ್ಲಿ ಒಂದು ತುಂಡಾದರೂ ಅನೇಕ ನೆಟ್‌ವರ್ಕ್ ಕಾರ್ಡುಗಳು ಸದ್ದಿಲ್ಲದೆ 100 ಮೆಗಾಬಿಟ್ ವೇಗಕ್ಕೆ ಇಳಿಯುತ್ತವೆ. ‘ಕ್ಯಾಮೆರಾ ನಿಧಾನವಾಗಿದೆ’ ಎಂಬ ದೂರು ಬಂದಾಗ ತಂತ್ರಾಂಶವನ್ನು ಬೈಯುವ ಮೊದಲು ಈ ವೇಗವನ್ನು ನೋಡಬೇಕು.

ವ್ಯಾಪಾರದ ದೃಷ್ಟಿಯಿಂದ

ಒಳ್ಳೆಯ ಕೇಬಲ್ ದುಬಾರಿ, ಸಣ್ಣವರಿಗೆ ಇದೆಲ್ಲ ಎಟುಕದು ಎಂಬ ಆಕ್ಷೇಪ ಸಹಜ. ತಿರುಪು, ಕವಚ, ಬಾಗುವ ಗುಣಗಳಿರುವ ಕೇಬಲ್ ಸಾಮಾನ್ಯ ಕೇಬಲ್ಲಿನ ಹಲವು ಪಟ್ಟು ಬೆಲೆಯದು ಎಂಬುದು ನಿಜ. ಆದರೆ ಹೋಲಿಸಬೇಕಾದದ್ದು ಕೇಬಲ್ಲಿಗೆ ಕೇಬಲ್ಲನ್ನಲ್ಲ. ಕೇಬಲ್ಲಿಗೆ ಸಾಲು ನಿಂತ ಒಂದು ಗಂಟೆಯನ್ನು, ಗ್ರಾಹಕರು ಬಿಲ್ಲಿನಿಂದ ಮುರಿದುಕೊಳ್ಳುವ ಮೊತ್ತವನ್ನು. ಪ್ರತಿಯೊಬ್ಬ ಮಾಲೀಕರೂ ತಮ್ಮ ಸಾಲಿನ ಒಂದು ಗಂಟೆಯ ಬೆಲೆಯನ್ನು ಬಲ್ಲರು. ಬದಲಿ ಕೇಬಲ್ ಒಂದನ್ನು ಕಪಾಟಿನಲ್ಲಿ ಇಟ್ಟುಕೊಳ್ಳುವುದೂ ಇದೇ ಲೆಕ್ಕಕ್ಕೆ ಸೇರಿದ್ದು. ಹೊರದೇಶದಿಂದ ವಿಶೇಷ ಉದ್ದದ ಕೇಬಲ್ ಬರಲು ವಾರಗಳು ಹಿಡಿಯುತ್ತವೆ.

ಇಲ್ಲಿ ನಮ್ಮ ವರ್ತಕರಿಗೂ ಕಿರು ಉತ್ಪಾದಕರಿಗೂ ಒಂದು ಅವಕಾಶವಿದೆ. ಕೈಗಾರಿಕಾ ಕೇಬಲ್ ತಯಾರಿಸುವ ಲ್ಯಾಪ್ ಸಂಸ್ಥೆಯ ಕಾರ್ಖಾನೆ ಜಿಗಣಿಯಲ್ಲಿಯೇ ಇದೆ. ತಂತಿ ಜೋಡಣೆ, ಹಾರ್ನೆಸ್ ಕೆಲಸದಲ್ಲಿ ನುರಿತ ಘಟಕಗಳೂ ಬೆಂಗಳೂರಿನ ಸುತ್ತ ಕಡಿಮೆಯಿಲ್ಲ. ಎಕ್ಸ್ ಸಂಕೇತದ ಎಂ12 ಕೇಬಲ್‌ಗಳನ್ನು 3, 5, 10, 20 ಮೀಟರ್ ಉದ್ದಗಳಲ್ಲಿ ಸಿದ್ಧವಾಗಿಟ್ಟು, ಪ್ರತಿಯೊಂದನ್ನೂ ಕೇಬಲ್ ಪರೀಕ್ಷಾ ಉಪಕರಣದಲ್ಲಿ ಪರೀಕ್ಷಿಸಿ, ಕ್ರಮಸಂಖ್ಯೆ ಸಹಿತ ವರದಿಯೊಂದಿಗೆ ಮರುದಿನವೇ ಒದಗಿಸುವ ವರ್ತಕನಿಗೆ ಗ್ರಾಹಕರ ಕೊರತೆ ಆಗಲಾರದು. ಬೆಲೆಯ ಸ್ಪರ್ಧೆಯಲ್ಲಿ ಆಮದು ಸರಕನ್ನು ಸೋಲಿಸಲಾಗದಿದ್ದರೂ ಸಮಯದ ಸ್ಪರ್ಧೆಯಲ್ಲಿ ಸೋಲಿಸಬಹುದು. ಪರೀಕ್ಷಾ ಉಪಕರಣದ ಬೆಲೆ ಒಬ್ಬರಿಗೆ ಹೊರೆಯೆನಿಸಿದರೆ ನಾಲ್ಕಾರು ಘಟಕಗಳು ಸೇರಿ ಕೊಳ್ಳಬಹುದು. ಇಂತಹ ಸಾಮಾನ್ಯ ಸೌಲಭ್ಯಕ್ಕೆ ನಮ್ಮ ಮಂಡಳಿಯೇ ಮುಂದಾಗುವುದೂ ಅಯುಕ್ತವಲ್ಲ.

ಕೊಳ್ಳುವವರು ಮಾಡಬೇಕಾದದ್ದು ಇನ್ನೂ ಸುಲಭ. ‘1 ಸೆಟ್’ ಎಂಬ ಸಾಲನ್ನು ಒಪ್ಪದೆ ಪ್ರತಿ ಕೇಬಲ್ಲನ್ನೂ ಬೇರೆ ಸಾಲಿನಲ್ಲಿ ಬರೆಯಿಸಬೇಕು: ತಯಾರಕರ ಹೆಸರು ಮತ್ತು ಮಾದರಿ ಸಂಖ್ಯೆ, ಮೀಟರ್‌ಗಳಲ್ಲಿ ಉದ್ದ, ಎರಡೂ ತುದಿಯ ಕನೆಕ್ಟರ್ ಮತ್ತು ಅದರ ಸಂಕೇತ, ತಿರುಪಿನ ದಿಕ್ಕು, ಸ್ಥಿರವೋ ಚಲಿಸುವುದೋ ತಿರುಚುವುದೋ ಎಂಬುದು, ಹೊರಕವಚ, ಬದಲಿ ಕೇಬಲ್ಲಿನ ದರ ಮತ್ತು ಪೂರೈಕೆಯ ಅವಧಿ. ಉದ್ದವನ್ನು ನಕ್ಷೆಯ ಮೇಲೆ ಅಳೆಯದೆ ಯಂತ್ರದ ಮೇಲೆ ದಾರ ಹಿಡಿದು ಅಳೆಯುವುದು ಉತ್ತಮ. ಕನೆಕ್ಟರ್ ಜೋಡಿಸಿದ ಕೇಬಲ್‌ಗಳು 8544ನೇ ಶೀರ್ಷಿಕೆಯಡಿ ಬರುವುದರಿಂದ ಇನ್‌ವಾಯ್ಸ್‌ನಲ್ಲಿ ಅವನ್ನು ಪ್ರತ್ಯೇಕವಾಗಿ ತೋರಿಸಲು ಸರಬರಾಜುದಾರರಿಗೆ ಯಾವ ಅಡಚಣೆಯೂ ಇಲ್ಲ. ಹೀಗೆ ಪ್ರತ್ಯೇಕವಾಗಿ ನಮೂದಾದ ಕೇಬಲ್ಲಿಗೆ ಖಾತರಿಯನ್ನು ಬರಹದಲ್ಲಿ ಕೇಳಬಹುದು. ‘ಇತರ ಸಾಮಗ್ರಿ’ಗೆ ಖಾತರಿ ಕೇಳಿದರೆ ಬರುವ ಉತ್ತರ ಏನೆಂದು ಸದಸ್ಯರಿಗೆ ಅನುಭವವಿದೆ.